ಅಂಗೈಯಲ್ಲೊಂದು ಆಕಾಶವಾಣಿ

ಸುಮಾರು ಅರ್ಧ ಶತಮಾನದ ಹಿಂದಿನ ಮಾತು. ತೀರ್ಥಹಳ್ಳಿಯ ಸಮೀಪದ ನಮ್ಮ ಮನೆಯ ಜಗಲಿಯಲ್ಲಿ ಒಂದು ರೇಡಿಯೋ ಪೆಟ್ಟಿಗೆಯಿತ್ತು. ವಾರ್ತೆ ಮುಗಿದು ತಂದೆಯವರು ಮಲಗಲು ಹೋದ ಮೇಲೆ ನಾನು ಅದರ ತಿರುಗಣೆಯನ್ನು ಮೆಲ್ಲಗೆ ತಿರುಗಿಸುತ್ತ, ಶಾರ್ಟ್‌ವೇವ್‌ನ ಗೊರಗೊರ ಸದ್ದಿನ ನಡುವಿನಿಂದ ದೂರದೇಶಗಳ ದನಿಗಳನ್ನು ಹೆಕ್ಕುತ್ತಿದ್ದೆ. ಹಾಗೆ ಸಿಕ್ಕಿದ ದನಿಗಳಲ್ಲಿ ಹಿಲ್ವರ್ಸಮ್ ಎಂಬ ಊರಿನಿಂದ ಬರುತ್ತಿದ್ದ ರೇಡಿಯೋ ನೆದರ್ಲ್ಯಾಂಡ್ಸ್ ಒಂದು. ಕೇಳಿದ್ದನ್ನೆಲ್ಲ ನನ್ನ ಮುರುಕು ಇಂಗ್ಲಿಷಿನಲ್ಲಿ ಬರೆದು ಅಂಚೆಗೆ ಹಾಕಿದೆ. ಎರಡು ತಿಂಗಳು ಕಳೆದ ಮೇಲೆ ಅಲ್ಲಿಂದ ಒಂದು ಚಿತ್ರದ ಕಾರ್ಡು ಬಂತು. ನನ್ನ ಮಾತು ಅವರಿಗೆ ಮುಟ್ಟಿತು ಎಂಬುದಕ್ಕೆ ಅದೊಂದೇ ಸಾಕ್ಷಿ. ಅವರು ಆಡಿದ್ದು ಕ್ಷಣಾರ್ಧದಲ್ಲಿ ನನ್ನನ್ನು ಮುಟ್ಟುತ್ತಿತ್ತು. ನಾನು ಆಡಿದ್ದು ಅವರನ್ನು ಮುಟ್ಟಲು ಎರಡು ತಿಂಗಳು. ಈ ಅಂತರ ಬಾಲಕನಾದ ನನಗೆ ಅಂದೇ ವಿಚಿತ್ರವೆನಿಸಿತ್ತು.

ವಿಧಿಯ ಲೀಲೆಯೋ ಏನೋ, ಉದ್ಯೋಗ ನನ್ನನ್ನು ಅದೇ ನಾಡಿಗೆ ಕರೆತಂದಿತು. ಐಂಡ್‌ಹೋವನ್ ನಗರದಲ್ಲಿ ನೆಲೆಸಿ ಮೂರು ದಶಕಗಳು ಸಂದವು. ಇಲ್ಲಿಗೆ ಬಂದ ಮೇಲೆ ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ರೇಡಿಯೋ ಪರೀಕ್ಷೆಗೆ ಕುಳಿತು ಪರವಾನಗಿ ಪಡೆದೆ. ಇಂದು ನನ್ನ ಅಂಗೈಯಲ್ಲಿ ಹಿಡಿಸುವ ಪುಟ್ಟ ಯಂತ್ರವೊಂದು ಕೇಳುವುದರ ಜೊತೆಗೆ ಆಡಲೂ ಬಲ್ಲದು. ಎರಡು ವರ್ಷಕ್ಕೊಮ್ಮೆ ನಾವೆಲ್ಲ ಒಂದೆಡೆ ಸೇರುವ ಈ ಸಂದರ್ಭದಲ್ಲಿ, ಆ ಯಂತ್ರದ ನೆಪದಿಂದ ನನ್ನ ಮನಸ್ಸಿನಲ್ಲಿ ಬಹುದಿನಗಳಿಂದ ಇರುವ ಒಂದು ವಿಚಾರವನ್ನು ಸಹೃದಯ ಓದುಗರ ಮುಂದಿಡಲು ಬಯಸುತ್ತೇನೆ.

ರೇಡಿಯೋ ಎಂದೊಡನೆ ನಮಗೆ ನೆನಪಾಗುವುದು ಆಕಾಶವಾಣಿ. ಆ ಸುಂದರ ಹೆಸರು ಮೈಸೂರಿನ ಕೊಡುಗೆ ಎಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯುತ್ತಾರೆ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 30 ವ್ಯಾಟ್‌ನ ಪ್ರೇಷಕವೊಂದನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ಬಾನುಲಿ ಆರಂಭಿಸಿದರು. ನಾನೀಗ ಇರುವ ನಾಡಿನಲ್ಲಿಯೂ ಕತೆ ಇದೇ ಬಗೆಯದು. 1919ರ ನವೆಂಬರ್ 6ರಂದು ಹೇಗ್ ನಗರದಲ್ಲಿ ಇಡ್ಜರ್ಡಾ ಎಂಬ ಇಂಜಿನಿಯರು ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಎರಡು ಕಡೆಯೂ ಮೊದಲು ಎದ್ದು ನಿಂತದ್ದು ಸರ್ಕಾರವಲ್ಲ, ಸ್ವಂತ ಆಸಕ್ತಿಯುಳ್ಳ ಒಬ್ಬ ವ್ಯಕ್ತಿ. ಕಾಲಕ್ರಮದಲ್ಲಿ ಬಾನುಲಿ ಬೃಹತ್ ಸಂಸ್ಥೆಗಳ ಕೈಸೇರಿತು; ಜನಸಾಮಾನ್ಯರು ಶ್ರೋತೃಗಳಾಗಿ ಉಳಿದರು. ಆಡುವ ಹಕ್ಕನ್ನೂ ಉಳಿಸಿಕೊಂಡವರು ಹ್ಯಾಮ್ ಹವ್ಯಾಸಿಗಳು ಮಾತ್ರ.

ಕೈರೇಡಿಯೋದ ಸ್ವರೂಪವನ್ನು ಅರಿಯದವರಿಗಾಗಿ ಎರಡು ಮಾತು. ಇದು ಸಾಮಾನ್ಯವಾಗಿ 5 ವ್ಯಾಟ್ ಶಕ್ತಿಯ ಯಂತ್ರ. ನೆದರ್ಲ್ಯಾಂಡ್ಸ್‌ನಲ್ಲಿ ಹವ್ಯಾಸಿಗಳಿಗೆ ದೊರೆಯುವ 144ರಿಂದ 146 ಮೆಗಾಹರ್ಟ್ಸ್ ಹಾಗೂ 430ರಿಂದ 440 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ ಕೆಲಸ ಮಾಡುತ್ತದೆ. ಈ ತರಂಗಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತವೆ. ಭೂಮಿಯ ಬಾಗು ಎಲ್ಲಿ ಅಡ್ಡ ಬರುವುದೋ ಅಲ್ಲಿಗೆ ಅವುಗಳ ಪಯಣ ಮುಗಿಯಿತು. ಬಟಾಬಯಲಿನಲ್ಲಿ ನಿಂತ ಇಬ್ಬರ ನಡುವೆ ಹತ್ತು ಕಿಲೋಮೀಟರ್ ಆಸುಪಾಸು. ಇಟ್ಟಿಗೆಯ ಮನೆಗಳ ನಡುವೆ ಎರಡೋ ಮೂರೋ. ಇನ್ನೂ ದೂರ ಹೋಗಬೇಕಾದರೆ ಎತ್ತರದಲ್ಲಿ ಕುಳಿತು ನಮ್ಮ ಮಾತನ್ನು ಹಿಡಿದು ಮತ್ತೆ ಎಸೆಯುವ ರಿಪೀಟರ್ ಬೇಕು. ಗುಡ್ಡವೆಂಬುದೇ ಅಪರೂಪವಾದ ಈ ನಾಡಿನಲ್ಲಿ ಗೋಪುರಗಳೇ ಗುಡ್ಡಗಳು. ಐಸೆಲ್‌ಸ್ಟೈನ್ ಊರಿನ ಗೆರ್ಬ್ರಾಂಡಿ ಗೋಪುರದ ಎತ್ತರ 360 ಮೀಟರಿಗೂ ಮಿಗಿಲು. ಅದರ ಮೇಲೆ ಹವ್ಯಾಸಿಗಳ ರಿಪೀಟರ್ ಒಂದು ಕಾರ್ಯ ನಿರ್ವಹಿಸುತ್ತ ಬಂದಿದೆ. ಅಂಗೈಯ ಯಂತ್ರದ ದನಿಯನ್ನು ಅದು ಹಲವು ಪ್ರಾಂತಗಳಿಗೆ ಕೇಳಿಸಬಲ್ಲದು.

ಆದರೆ ಇವೆಲ್ಲ ಯಂತ್ರದ ಗುಣಗಾನವಾಯಿತು. ನಾನು ಹೇಳಹೊರಟಿರುವುದು ಯಂತ್ರದ ಪಕ್ಕದಲ್ಲಿರುವ ಒಂದು ಗುಂಡಿಯ ಕುರಿತು. ಅದನ್ನು ಒತ್ತಿದರೆ ಮಾತು ಹೋಗುತ್ತದೆ, ಬಿಟ್ಟರೆ ಮಾತು ಬರುತ್ತದೆ. ದೂರವಾಣಿಯಲ್ಲಿ ಇಬ್ಬರೂ ಒಟ್ಟಿಗೆ ಮಾತನಾಡಬಹುದು, ಜಗಳವಾಡಲೂಬಹುದು. ಇಲ್ಲಿ ಅದು ಸಾಧ್ಯವಿಲ್ಲ. ಗುಂಡಿಯನ್ನು ಒತ್ತಿದಷ್ಟು ಹೊತ್ತು ನಾವು ಕಿವುಡರು. ಈ ಸರಳ ಸತ್ಯವನ್ನು ನಾನು ಪುಸ್ತಕದಿಂದ ಕಲಿತಿದ್ದೆನಾದರೂ ಅದರ ಅರ್ಥ ಮನಸ್ಸಿಗೆ ನಾಟಿದ್ದು ಒಂದು ಯುಗಾದಿಯ ವನಭೋಜನದಂದು.

ನಮ್ಮ ಕೆಲವು ಕುಟುಂಬಗಳು ಫೆಲೂವೆ ಅರಣ್ಯಕ್ಕೆ ಹೋಗಿದ್ದೆವು. ಮಕ್ಕಳ ಆಟಕ್ಕೆಂದು ನಾನು ನಾಲ್ಕು ಚಿಕ್ಕ ವಾಕಿಟಾಕಿಗಳನ್ನು ಒಯ್ದಿದ್ದೆ. ಇವು ಹ್ಯಾಮ್ ಯಂತ್ರಗಳಲ್ಲ. 446 ಮೆಗಾಹರ್ಟ್ಸ್‌ನಲ್ಲಿ ಅರ್ಧ ವ್ಯಾಟ್‌ನೊಳಗೆ ಯಾರು ಬೇಕಾದರೂ ಪರವಾನಗಿಯಿಲ್ಲದೆ ಬಳಸಬಹುದಾದ ಬಗೆಯವು. ಹೋಳಿಗೆ ಬಡಿಸುವ ಹೊತ್ತಿಗೆ ಎಂಟು ವರ್ಷದ ಹುಡುಗಿಯೊಬ್ಬಳು ಕಾಣಲಿಲ್ಲ. ಅವಳ ಕೈಯಲ್ಲಿ ವಾಕಿಟಾಕಿ ಇದೆಯೆಂದು ನಾವು ಮೊದಲು ನಿರಾಳವಾಗಿದ್ದೆವು. ಯಂತ್ರವನ್ನು ಕಿವಿಗಿಟ್ಟರೆ ಅವಳ ಅಳು ಕೇಳುತ್ತಿತ್ತು. ಆದರೆ ಭಯದಿಂದ ಅವಳು ಗುಂಡಿಯನ್ನು ಬಿಗಿಯಾಗಿ ಅದುಮಿ ಹಿಡಿದಿದ್ದಳು. “ಅಪ್ಪಾ, ಎಲ್ಲಿದ್ದೀಯಾ?” ಎಂದು ಅವಳು ಕೂಗುವುದು ನಮಗೆ ಕೇಳುತ್ತದೆ; “ಇಲ್ಲೇ ಇದ್ದೇವೆ ಮಗಳೇ” ಎಂದು ನಾವು ಕೂಗುವುದು ಅವಳಿಗೆ ಕೇಳದು. ಹುಡುಕಲು ಚದುರಿದ ನಮ್ಮವರು ಒಬ್ಬರಿಗೊಬ್ಬರು ಸುದ್ದಿ ಹೇಳಲೂ ಆಗದಂತೆ ಆ ಒಂದು ಅಳು ಇಡೀ ಚಾನೆಲನ್ನು ತುಂಬಿಕೊಂಡಿತ್ತು. ಇಪ್ಪತ್ತು ನಿಮಿಷಗಳಾದ ಮೇಲೆ ಕೈ ಸೋತೋ ಏನೋ ಬೆರಳು ಸಡಿಲವಾಯಿತು. ಆ ಕ್ಷಣದಲ್ಲಿ ಅವಳ ತಂದೆ ಮಾಡಿದ್ದು ಒಂದೇ ಕೆಲಸ: “ಪುಟ್ಟೀ, ಗುಂಡಿ ಬಿಡು. ಕೇಳು. ಕಣ್ಣಿಗೆ ಏನು ಕಾಣುತ್ತೆ ಅಷ್ಟು ಮಾತ್ರ ಹೇಳು” ಎಂದರು. “ನೀಲಿ ಬಣ್ಣದ ಕಂಬ, ಅದರ ಮೇಲೆ 7 ಅಂತ ಬರೆದಿದೆ” ಎಂದಳು. ಐದು ನಿಮಿಷದಲ್ಲಿ ಅವಳು ಸಿಕ್ಕಳು. ತಾಯಿ ಮಗುವನ್ನು ತಬ್ಬಿಕೊಂಡಾಗ ನಮ್ಮಲ್ಲಿ ಯಾರ ಕಣ್ಣೂ ಒಣಗಿರಲಿಲ್ಲ.

ಅಂದು ಆ ಮಗುವಿನ ಕೈಯಲ್ಲಿ ಯಂತ್ರವಿತ್ತು, ಬ್ಯಾಟರಿಯಿತ್ತು, ದೂರವೂ ಹೆಚ್ಚಿರಲಿಲ್ಲ. ಇಲ್ಲದಿದ್ದದ್ದು ಅಭ್ಯಾಸ. ತಪ್ಪು ಅವಳದಲ್ಲ, ಯಂತ್ರವನ್ನು ಕೊಟ್ಟು ಅದರ ಬಳಕೆಯನ್ನು ಕಲಿಸದ ನನ್ನದು. ಯಂತ್ರವನ್ನು ಕೊಂಡವನು ಸಂಪರ್ಕವನ್ನು ಕೊಂಡವನಲ್ಲ; ಸಂಪರ್ಕವೆಂಬುದು ಕಲಿತು ರೂಢಿಸಿಕೊಳ್ಳಬೇಕಾದ ವಿದ್ಯೆ ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮಾತು.

ಇದಕ್ಕೆ ಇತಿಹಾಸದ ಸಾಕ್ಷ್ಯವನ್ನು ಡಚ್ ನಾಡೇ ಒದಗಿಸುತ್ತದೆ. 1953ರ ಜನವರಿ 31ರ ಶನಿವಾರ ರಾತ್ರಿ ಉತ್ತರ ಸಮುದ್ರ ಉಕ್ಕಿ ಝೇಲಾಂಡ್ ಮುಂತಾದ ಪ್ರಾಂತಗಳ ಒಡ್ಡುಗಳನ್ನು ಒಡೆಯಿತು. ಅಂದಿನ ಕಾಲದಲ್ಲಿ ಇಲ್ಲಿನ ಬಾನುಲಿ ರಾತ್ರಿ ಪ್ರಸಾರ ಮಾಡುತ್ತಿರಲಿಲ್ಲ. ಚಂಡಮಾರುತದ ಮುನ್ನೆಚ್ಚರಿಕೆ ಇದ್ದರೂ ಮಲಗಿದ್ದ ಜನರನ್ನು ಅದು ತಲುಪಲಿಲ್ಲ. ಬೆಳಗಾಗುವಷ್ಟರಲ್ಲಿ ದೂರವಾಣಿ ತಂತಿಗಳು ನೀರಿನಡಿ ಸೇರಿದ್ದವು. ಆ ದುರಂತದಲ್ಲಿ ನೆದರ್ಲ್ಯಾಂಡ್ಸ್ ಒಂದರಲ್ಲೇ 1836 ಮಂದಿ ಅಸುನೀಗಿದರು. ಜಲಾವೃತವಾದ ದ್ವೀಪಗಳ ಗತಿಯೇನೆಂದು ಹೊರಗಿನವರಿಗೆ ತಿಳಿಯದಿದ್ದ ಆ ಹೊತ್ತಿನಲ್ಲಿ ಝೀರಿಕ್‌ಝೇ ಪಟ್ಟಣದ ಪೀಟರ್ ಹಾಸ್‌ಫೆಲ್ಡ್ ಎಂಬ ರೇಡಿಯೋ ಹವ್ಯಾಸಿ ತರುಣ, ತಾನೇ ಜೋಡಿಸಿದ ಪ್ರೇಷಕದ ಮೂಲಕ ಹೊರಜಗತ್ತನ್ನು ಮುಟ್ಟಿದ. ಬಳಿಕ ದೇಶದ ಹವ್ಯಾಸಿಗಳು ಒಂದು ತುರ್ತು ಜಾಲವನ್ನು ಕಟ್ಟಿ, ದೋಣಿ ಎಲ್ಲಿಗೆ ಬೇಕು, ಔಷಧ ಎಲ್ಲಿಗೆ ಬೇಕು ಎಂಬ ಸಂದೇಶಗಳನ್ನು ಕೈಯಿಂದ ಕೈಗೆ ದಾಟಿಸಿದರು. ಔವರ್‌ಕೆರ್ಕ್ ಗ್ರಾಮದಲ್ಲಿ ಒಡೆದ ಒಡ್ಡನ್ನು ಮುಚ್ಚಲು ಇಳಿಸಿದ ಬೃಹತ್ ಕಾಂಕ್ರೀಟು ಪೆಟ್ಟಿಗೆಗಳೊಳಗೇ ಇಂದು ಆ ಪ್ರವಾಹದ ವಸ್ತುಸಂಗ್ರಹಾಲಯವಿದೆ. ಈ ನಾಡಿಗೆ ಬರುವ ಕನ್ನಡಿಗರು ಟ್ಯೂಲಿಪ್ ತೋಟದ ಜೊತೆಗೆ ಅದನ್ನೂ ನೋಡಬೇಕೆಂದು ನನ್ನ ಅರಿಕೆ. ಆ ತರುಣನಿಗೆ ಪ್ರವಾಹದ ದಿನ ಯಾರೂ ಯಂತ್ರ ತಂದುಕೊಡಲಿಲ್ಲ. ಅದಕ್ಕೆ ಮುಂಚಿನ ಅದೆಷ್ಟೋ ಸಂಜೆಗಳಲ್ಲಿ ಕಲಿತದ್ದು ಅಂದು ಫಲಿಸಿತು. ಯುದ್ಧಕಾಲೇ ಶಸ್ತ್ರಾಭ್ಯಾಸ ಎಂಬ ಗಾದೆಗೆ ತದ್ವಿರುದ್ಧವಾದ ನಡೆ ಇದು.

“ಅದೆಲ್ಲ ಹಳೆಯ ಕತೆ ಸ್ವಾಮೀ, ಈಗ ಎಲ್ಲರ ಜೇಬಿನಲ್ಲೂ ಫೋನಿದೆ” ಎಂದು ಕೇಳುವವರುಂಟು. ಒಪ್ಪತಕ್ಕ ಮಾತೇ. ಆದರೆ 2019ರ ಜೂನ್ 24ರಂದು, ಇಷ್ಟೊಂದು ಸುಸಜ್ಜಿತವಾದ ಈ ದೇಶದಲ್ಲಿ 112 ಎಂಬ ತುರ್ತು ಸಂಖ್ಯೆಯೇ ಕೆಲವು ಗಂಟೆಗಳ ಕಾಲ ಸಿಗಲಿಲ್ಲ. 2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳಲ್ಲಿ ವಿದ್ಯುತ್ತು ಹೋದಾಗ ಫೋನ್ ಗೋಪುರಗಳ ಬ್ಯಾಟರಿಗಳೂ ಒಂದೊಂದಾಗಿ ಬರಿದಾದವು; ಜನ ಹಳೆಯ ಟ್ರಾನ್ಸಿಸ್ಟರುಗಳನ್ನು ಹುಡುಕಿಕೊಂಡು ಅಂಗಡಿಗಳಿಗೆ ಧಾವಿಸಿದರು. ಡಚ್ ಸರ್ಕಾರವೇ 2025ರ ಕೊನೆಯಲ್ಲಿ ಮನೆಮನೆಗೆ ಕಿರುಪುಸ್ತಕ ಕಳುಹಿಸಿ, 72 ಗಂಟೆ ಸ್ವಾವಲಂಬಿಗಳಾಗಿರಲು ನೀರು, ಆಹಾರ, ಟಾರ್ಚು, ಬ್ಯಾಟರಿ ರೇಡಿಯೋ ಇಟ್ಟುಕೊಳ್ಳಿರೆಂದು ಸಲಹೆ ಮಾಡಿತು. ಸಲಹೆ ವಿವೇಕಯುತವಾದದ್ದು. ಆದರೆ ಆ ಬ್ಯಾಟರಿ ರೇಡಿಯೋ ನಮ್ಮ ತೀರ್ಥಹಳ್ಳಿಯ ಪೆಟ್ಟಿಗೆಯ ತಮ್ಮನೇ. ಅದು ಹೇಳುತ್ತದೆ, ಕೇಳುವುದಿಲ್ಲ. ನಮ್ಮ ಬೀದಿಯ ಮೂರನೆಯ ಮಹಡಿಯಲ್ಲಿ ಒಬ್ಬ ಅಜ್ಜಿಗೆ ಉಸಿರಾಟದ ತೊಂದರೆಯಾಗಿದೆ ಎಂಬುದನ್ನು ಅದಕ್ಕೆ ತಿಳಿಸುವವರು ಯಾರು? ಅಲ್ಲಿಗೆ ಬೇಕಾದದ್ದು ಎರಡು ಕಡೆಯ ಮಾತು. ಇಂಥ ಸಂದರ್ಭಗಳಿಗೆಂದೇ ಇಲ್ಲಿ ಡಾರೆಸ್ ಎಂಬ ಹವ್ಯಾಸಿಗಳ ಸ್ವಯಂಸೇವಾ ಸಂಘಟನೆಯಿದೆ.

ಹಾಗಾದರೆ ಒಂದು ಯಂತ್ರವನ್ನು ತರಿಸಿಟ್ಟುಕೊಂಡರಾಯಿತಲ್ಲ ಎಂಬುದು ನಮ್ಮವರ ತಕ್ಷಣದ ತೀರ್ಮಾನ. ನಾಲ್ಕು ಮಂದಿಯ ಹೋಟೆಲ್ ಊಟದ ಖರ್ಚಿಗಿಂತ ಕಡಿಮೆ ಬೆಲೆಗೆ ಕೈರೇಡಿಯೋ ಅಂಚೆಯಲ್ಲಿ ಮನೆಗೆ ಬರುತ್ತದೆ. ಇಲ್ಲಿಯೇ ನನ್ನ ಭಿನ್ನಾಭಿಪ್ರಾಯ. ಹವ್ಯಾಸಿ ಪಟ್ಟಿಗಳಲ್ಲಿ ಮಾತನಾಡಲು ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಸರ್ಕಾರದಲ್ಲಿ ಹೆಸರು ನೋಂದಾಯಿಸಿ, ಸ್ವಂತ ಕರೆಸಂಕೇತ ಪಡೆಯಬೇಕು. ನೆದರ್ಲ್ಯಾಂಡ್ಸ್‌ನಲ್ಲಿ ನೋವೈಸ್ ಮತ್ತು ಫುಲ್ ಎಂದು ಎರಡು ದರ್ಜೆಗಳಿವೆ. ಇದನ್ನು ಕೆಲವರು ಕೆಂಪುಪಟ್ಟಿಯ ಕಿರುಕುಳವೆಂದು ಭಾವಿಸುತ್ತಾರೆ. ನನ್ನ ಮಟ್ಟಿಗೆ ಪರೀಕ್ಷೆಯೇ ಈ ವಿದ್ಯೆಯ ತಿರುಳು. ಯಾವ ಆವರ್ತಾಂಕದಲ್ಲಿ ಯಾರಿದ್ದಾರೆ, ಯಾರಿಗೆ ತೊಂದರೆಯಾದೀತು, ನಮ್ಮ ಆಂಟೆನಾ ಏನು ಮಾಡುತ್ತಿದೆ ಎಂಬುದನ್ನರಿಯದೆ ಗುಂಡಿ ಒತ್ತುವವನು, ಗಾಡಿ ಹೊಡೆಯಲು ಬಾರದೆ ಜಾತ್ರೆಯ ನಡುವೆ ಎತ್ತು ಬಿಟ್ಟವನಂತೆ. ಹವ್ಯಾಸಿಯ ಮಾತಿನಲ್ಲಿ ಗುಟ್ಟಿಲ್ಲ, ವ್ಯಾಪಾರವಿಲ್ಲ. ಯಾರು ಬೇಕಾದರೂ ಕೇಳಬಹುದು, ಆಡಿದವನು ತಾನಾರೆಂದು ಹೇಳಲೇಬೇಕು. ಮುಖವಿಲ್ಲದ ಮಾತುಗಳು ತುಂಬಿ ತುಳುಕುತ್ತಿರುವ ಈ ಕಾಲದಲ್ಲಿ ಇದೇನು ಸಣ್ಣ ಶಿಕ್ಷಣವೇ?

ಊರಿಗೆ ಹೋಗುವಾಗ ಒಂದೆರಡು ಯಂತ್ರಗಳನ್ನು ಪೆಟ್ಟಿಗೆಯಲ್ಲಿ ಹಾಕಿಕೊಂಡು ಹೋಗಿ ತಂದೆತಾಯಿಯರ ಕೈಗೆ ಕೊಡುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಕೈಬಿಡಿ. ಇಲ್ಲಿನ ಪರವಾನಗಿ ಭಾರತದಲ್ಲಿ ತಾನಾಗಿಯೇ ಊರ್ಜಿತವಾಗುವುದಿಲ್ಲ. ಅಲ್ಲಿಗೆ ಅಲ್ಲಿಯದೇ ಅನುಮತಿ ಬೇಕು. ಒಳ್ಳೆಯ ಉದ್ದೇಶದ ಮಗನಿಂದ ವೃದ್ಧ ತಂದೆ ಕಾನೂನಿನ ತೊಡಕಿಗೆ ಸಿಲುಕಬಾರದು.

ಈಗ ನನ್ನ ನಾಚಿಕೆಯ ಪ್ರಸಂಗವನ್ನೂ ಹೇಳಿಬಿಡಬೇಕು. ನನ್ನ ಅಕ್ಕನನ್ನು ಕೊಟ್ಟದ್ದು ಕೊಡಗಿಗೆ. ಮಡಿಕೇರಿಯಿಂದ ಆಚೆ ಅವರದೊಂದು ಕಾಫಿ ತೋಟ. 2018ರ ಆಗಸ್ಟ್ ತಿಂಗಳಲ್ಲಿ ಅಲ್ಲಿ ಗುಡ್ಡಗಳು ಕುಸಿದವು. ಮೂರು ದಿನ ಅಕ್ಕ ಭಾವನವರ ಸುದ್ದಿಯಿಲ್ಲ. ವಿದ್ಯುತ್ತಿಲ್ಲ, ರಸ್ತೆಯಿಲ್ಲ, ಫೋನಿಲ್ಲ. ನನ್ನ ವಾಟ್ಸಾಪ್‌ನಲ್ಲಿ ಮಾತ್ರ ನೂರಾರು ಸಂದೇಶಗಳು. ಅದೇ ಒಂದು ಗುಡ್ಡದ ಚಿತ್ರ ಹದಿನೈದು ಸಲ ಬಂತು. ಒಂದಕ್ಕೊಂದು ವಿರುದ್ಧವಾದ ವದಂತಿಗಳು ಬಂದವು. ಎಲ್ಲರೂ ಗುಂಡಿ ಒತ್ತಿ ಹಿಡಿದಿದ್ದೆವು. ಕೇಳುವವರು ಯಾರೂ ಇರಲಿಲ್ಲ. ನಾಲ್ಕನೆಯ ದಿನ ಯಾರದೋ ಫೋನಿನಿಂದ ಅಕ್ಕ ಮಾತನಾಡಿದಳು: “ತಮ್ಮಾ, ನಾವಿಬ್ಬರೂ ಚೆನ್ನಾಗಿದ್ದೇವೆ. ಮನೆ ಹೋಯಿತು. ಪರಿಹಾರ ಕೇಂದ್ರದಲ್ಲಿದ್ದೇವೆ.” ಆ ಮೂರು ರಾತ್ರಿಗಳಲ್ಲಿ ಪರವಾನಗಿ ಪಡೆದ ಹ್ಯಾಮ್ ಆದ ನನ್ನ ಕೈರೇಡಿಯೋ ಎಲ್ಲಿತ್ತು? ಕಪಾಟಿನಲ್ಲಿ, ಬ್ಯಾಟರಿ ಸತ್ತು ಬಿದ್ದಿತ್ತು.

ಬ್ಯಾಟರಿ ತುಂಬಿದ್ದರೂ ಅದರ ದನಿ ಕೊಡಗಿಗೆ ಮುಟ್ಟುತ್ತಿರಲಿಲ್ಲವೆಂಬುದು ನಿಜ. ಬೇಕಾಗಿದ್ದದ್ದು ಅಲ್ಲಿ. ಒಂದು ಕಣಿವೆಯಲ್ಲಿ ಒಬ್ಬ, ಏರಿನ ಮೇಲೆ ಒಬ್ಬ, ಮಡಿಕೇರಿಯಲ್ಲಿ ಒಬ್ಬ. ಗುಡ್ಡ ಅಡ್ಡ ಬಂದಲ್ಲಿ ಏರಿನ ಮೇಲಿನವನೇ ರಿಪೀಟರ್ ಆಗಿ, ಕೇಳಿದ್ದನ್ನು ಒಂದಕ್ಷರ ಬಿಡದೆ, ಒಂದಕ್ಷರ ಸೇರಿಸದೆ ಮುಂದಕ್ಕೆ ದಾಟಿಸಬೇಕು. “ಇಬ್ಬರು ಕ್ಷೇಮ, ಮನೆ ಇಲ್ಲ, ರಸ್ತೆ ಇಲ್ಲ”: ಹತ್ತು ಸೆಕೆಂಡಿನ ಮಾತು. ಅದು ಮಡಿಕೇರಿಗೆ ಮುಟ್ಟಿದ್ದರೆ ಮಿಕ್ಕದ್ದನ್ನು ಜಗತ್ತಿನ ತಂತಿಗಳು ನೋಡಿಕೊಳ್ಳುತ್ತಿದ್ದವು. 1999ರ ಒಡಿಶಾ ಚಂಡಮಾರುತದಲ್ಲಿ, 2001ರ ಗುಜರಾತ್ ಭೂಕಂಪದಲ್ಲಿ ನಮ್ಮ ದೇಶದ ಹ್ಯಾಮ್‌ಗಳು ಮಾಡಿದ ಸೇವೆ ಇಂಥದ್ದೇ. 2004ರ ಡಿಸೆಂಬರ್ 26ರ ಸುನಾಮಿ ಅಪ್ಪಳಿಸಿದಾಗ, ಹವ್ಯಾಸಕ್ಕೆಂದು ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದ್ ಎಂಬ ಹ್ಯಾಮ್ ಮಹಿಳೆ ಅಲ್ಲಿಂದಲೇ ದ್ವೀಪದವರ ಕ್ಷೇಮಸಮಾಚಾರಗಳನ್ನು ಹೊರಗೆ ಮುಟ್ಟಿಸಿದರು. ಈ ಎಲ್ಲ ಕಡೆಯೂ ಮೊದಲೇ ಕಲಿತವರಿದ್ದರು. ಅದರಿಂದಲೇ ಯಂತ್ರಗಳು ಮಾತನಾಡಿದವು.

ಇಷ್ಟು ದೂರದಲ್ಲಿರುವ ನಾವು ಏನು ಮಾಡಬಲ್ಲೆವೆಂದು ನಿರಾಶರಾಗಬೇಕಿಲ್ಲ. ಡಚ್ ನಾಡಿಗೂ ನಮ್ಮ ನಾಡಿಗೂ ಈ ವಿಷಯದಲ್ಲಿ ಆಗಲೇ ಒಂದು ನಂಟಿದೆ. 2005ರ ಮೇ 5ರಂದು ಶ್ರೀಹರಿಕೋಟದಿಂದ ಇಸ್ರೋ ಹಾರಿಸಿದ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ ಜಗತ್ತಿನ ಹವ್ಯಾಸಿಗಳಿಗೆ ಭಾರತ ಕೊಟ್ಟ ಉಡುಗೊರೆ. ತೂಕ ಸುಮಾರು 42 ಕಿಲೋ. ಅದರಲ್ಲಿ ಮಾತನ್ನು ಹಿಡಿದು ಮರಳಿಸುವ ಉಪಕರಣಗಳು ಎರಡಿದ್ದವು. ಒಂದು ಭಾರತೀಯರು ರೂಪಿಸಿದ್ದು. ಇನ್ನೊಂದು ವೆನ್ಲೋ ನಗರದಲ್ಲಿ ಓದುತ್ತಿದ್ದ ಲೇಯೆನಾರ್ ಎಂಬ ಡಚ್ ಹವ್ಯಾಸಿ ವಿದ್ಯಾರ್ಥಿಯದು. ಆ ಉಪಗ್ರಹ 2014ರ ಜುಲೈವರೆಗೆ, ಒಂಬತ್ತು ವರ್ಷಗಳ ಕಾಲ, ಭೂಮಿಯನ್ನು ಸುತ್ತುತ್ತ ಅಪರಿಚಿತರನ್ನು ಪರಿಚಿತರನ್ನಾಗಿಸಿತು. ಡೆಲ್ಫ್ಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಡೆಲ್ಫಿ-ಸಿ3 ಕೂಡ 2008ರ ಏಪ್ರಿಲ್ 28ರಂದು ಬಾನಿಗೇರಿದ್ದು ನಮ್ಮ ಪಿಎಸ್‌ಎಲ್‌ವಿ ಬೆನ್ನೇರಿಯೇ. ಸರ್ಕಾರಗಳ ಒಪ್ಪಂದಕ್ಕಿಂತ ಮಿಗಿಲಾಗಿ ಹವ್ಯಾಸಿಗಳ ಸ್ನೇಹ ಇಂಥ ಕೆಲಸಗಳಿಗೆ ಬುನಾದಿ.

ಆದ್ದರಿಂದ ನನ್ನ ಸೂಚನೆಗಳು ಎರಡೇ. ಮೊದಲನೆಯದು, ಪ್ರತಿಯೊಂದು ಕನ್ನಡ ಸಂಘವೂ ತನ್ನ ಸದಸ್ಯರಲ್ಲಿ ಐದು ಮಂದಿಯನ್ನಾದರೂ, ಸಾಧ್ಯವಾದಷ್ಟು ಎಳೆಯರನ್ನೇ, ತಾವಿರುವ ದೇಶದ ಹ್ಯಾಮ್ ಪರೀಕ್ಷೆಗೆ ಸಿದ್ಧಗೊಳಿಸಲಿ. ಅವರು ವಾರಕ್ಕೊಮ್ಮೆ ಅರ್ಧ ಗಂಟೆ ಕೈರೇಡಿಯೋದಲ್ಲಿ ಭೇಟಿಯಾಗಲಿ. ತಮ್ಮ ಕರೆಸಂಕೇತವನ್ನು ನಿಯಮದಂತೆ ಹೇಳಿ, ಉಳಿದ ಮಾತನ್ನು ಕನ್ನಡದಲ್ಲಿ ಆಡಲಿ. ಮನೆಯಲ್ಲಿ ಕನ್ನಡದ ಪ್ರಶ್ನೆಗೆ ಡಚ್ ಅಥವಾ ಇಂಗ್ಲಿಷಿನಲ್ಲಿ ಉತ್ತರಿಸುವ ನಮ್ಮ ಮಕ್ಕಳಿಗೆ, ತಮ್ಮ ಸರದಿ ಬಂದಾಗ ಎರಡು ಸ್ಪಷ್ಟವಾದ ಕನ್ನಡ ವಾಕ್ಯಗಳನ್ನು ಕಟ್ಟಿ ಹೇಳುವ ಅನಿವಾರ್ಯ ಅಲ್ಲಿ ಒದಗುತ್ತದೆ. ಮಧ್ಯದಲ್ಲಿ ಬಾಯಿ ಹಾಕಿ ತಿದ್ದುವ ಅವಕಾಶ ಹಿರಿಯರಿಗಿಲ್ಲ. ಮಗು “ಮುಗಿಯಿತು, ನೀವು ಹೇಳಿ” ಎನ್ನುವವರೆಗೆ ಕಾಯಲೇಬೇಕು. ಇದರಿಂದ ಮಕ್ಕಳಿಗೆ ಎಷ್ಟು ಲಾಭವೋ ಹಿರಿಯರಿಗೂ ಅಷ್ಟೇ.

ಎರಡನೆಯದು, ನಮ್ಮ ಊರುಗಳಿಗೆ ಯಂತ್ರಗಳನ್ನು ಕಳುಹಿಸುವ ಬದಲು ವಿದ್ಯೆಯನ್ನು ಕಳುಹಿಸೋಣ. ಮಲೆನಾಡಿನ, ಕರಾವಳಿಯ, ಕೃಷ್ಣಾ ತೀರದ ಒಂದೊಂದು ತಾಲ್ಲೂಕಿನಲ್ಲಿ ಒಂದು ಪ್ರೌಢಶಾಲೆಯನ್ನೋ ಕಾಲೇಜನ್ನೋ ಒಂದು ಸಂಘ ಆರಿಸಿಕೊಳ್ಳಲಿ. ಭಾರತದಲ್ಲಿ 12 ವರ್ಷ ತುಂಬಿದವರು ಪರೀಕ್ಷೆಗೆ ಕೂರಬಹುದು. ಬೆಂಗಳೂರಿನಲ್ಲಿ ಹಳೆಯ ಹ್ಯಾಮ್ ಕ್ಲಬ್ಬುಗಳಿವೆ, ಕಲಿಸಬಲ್ಲ ಹಿರಿಯರಿದ್ದಾರೆ. ಪರೀಕ್ಷೆಯ ಶುಲ್ಕ, ಶಿಕ್ಷಕರ ಪ್ರಯಾಣದ ಖರ್ಚು, ಕಾನೂನುಬದ್ಧವಾಗಿ ಅಲ್ಲಿಯೇ ಕೊಂಡ ಎರಡು ಯಂತ್ರ, ಶಾಲೆಯ ಮಾಳಿಗೆಯ ಮೇಲೊಂದು ಆಂಟೆನಾ: ಇಷ್ಟನ್ನು ಭರಿಸಲು ನಮ್ಮ ಒಂದು ದೀಪಾವಳಿ ಕಾರ್ಯಕ್ರಮದ ಉಳಿತಾಯ ಸಾಕು. ಮಳೆಗಾಲಕ್ಕೆ ಮುಂಚೆ ಅಭ್ಯಾಸ ನಡೆಯಲಿ. ಬೆಂಕಿ ಬಿದ್ದ ಮೇಲೆ ಬಾವಿ ತೋಡುವ ಗತಿ ಮತ್ತೆ ಬಾರದಿರಲಿ.

ನನ್ನ ಕೈರೇಡಿಯೋ ಈಗ ಕಪಾಟಿನಲ್ಲಿಲ್ಲ. ಬಾಗಿಲ ಬಳಿಯ ಗೂಟದಲ್ಲಿ ತೂಗುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಅದರ ಬ್ಯಾಟರಿಯನ್ನು ನೋಡುತ್ತೇನೆ. ಅಂದು ಫೆಲೂವೆ ಕಾಡಿನಲ್ಲಿ ಕಳೆದುಹೋಗಿದ್ದ ಹುಡುಗಿ ಇಂದು ಕಾಲೇಜು ವಿದ್ಯಾರ್ಥಿನಿ. ಕಳೆದ ವರ್ಷ ನೋವೈಸ್ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಮೊದಲ ಸಲ ಅವಳು ಗಾಳಿಯ ಮೇಲೆ ನನ್ನನ್ನು ಕರೆದಾಗ ನಾನು ಉತ್ಸಾಹದಿಂದ ಮಾತನಾಡುತ್ತಲೇ ಹೋದೆ. ಕೊನೆಗೆ ನಾನು ಗುಂಡಿ ಬಿಟ್ಟಾಗ ಅವಳೆಂದಳು: “ಮಾಮಾ, ಸ್ವಲ್ಪ ನನ್ನ ಮಾತೂ ಕೇಳಿ.” ಆ ಮಾತನ್ನು ನಾನು ಶಿರಸಾವಹಿಸಿದ್ದೇನೆ. ಇಷ್ಟು ಹೊತ್ತು ನಾನು ಒತ್ತಿ ಹಿಡಿದಿದ್ದ ಗುಂಡಿಯನ್ನು ಇಲ್ಲಿಗೆ ಬಿಡುತ್ತೇನೆ. ಇನ್ನು ನೀವು ಹೇಳಿ, ನಾನು ಕೇಳುತ್ತೇನೆ.